ಹಳೆ ಮನೆಯ ಕಲ್ಲುಮಣ್ಣು: 16 ಲೋಡ್ 4 ಲೋಡ್ ಆಗುವುದು ಹೇಗೆ?

ಪ್ರಶ್ನೆ: ಮಂಗಳೂರಿನ ಬಿಜೈ ಹತ್ತಿರ ನಮಗೆ 10 ಸೆಂಟ್ಸ್ ಜಾಗವಿದೆ. ಅದರಲ್ಲಿ ಅಜ್ಜ ಕಟ್ಟಿಸಿದ 1,080 ಚದರ ಅಡಿಯ ಹಂಚಿನ ಮನೆ. ಗೋಡೆ ಕೆಂಪುಕಲ್ಲು, ಸುಣ್ಣದ ಸಾರಣೆ. ಹಿಂದೆ ಬಚ್ಚಲು, ಕಟ್ಟಿಗೆ ಕೊಟ್ಟಿಗೆಗೆ ಸಿಮೆಂಟ್ ಶೀಟ್ ಹಾಕಿದೆ. ಇದನ್ನು ಕೆಡವಿ ಎರಡು ಅಂತಸ್ತಿನ ಮನೆ ಕಟ್ಟಬೇಕೆಂದಿದ್ದೇವೆ. "ಜೆಸಿಬಿ ತಂದರೆ ಎರಡೇ ದಿನದಲ್ಲಿ ನೆಲಸಮ. ಮಣ್ಣು ಬೇಕಾದವರು ಇದ್ದಾರೆ, ಫ್ರೀಯಾಗಿ ತಗೊಂಡು ಹೋಗ್ತಾರೆ, ಉಳಿದದ್ದನ್ನು ಹಳೆ ಬಾವಿಗೆ ಹಾಕೋಣ" ಎನ್ನುತ್ತಾರೆ ಕಂಟ್ರಾಕ್ಟರ್. ಹಳೆ ಸುಣ್ಣದ ಮಣ್ಣು ಪಂಚಾಂಗಕ್ಕೆ (ಅಡಿಪಾಯಕ್ಕೆ) ತುಂಬಿಸಿದರೆ ಗೆದ್ದಲು ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ, ಅದಕ್ಕಿಂತ ಒಳ್ಳೆಯ ಫಿಲ್ಲಿಂಗ್ ಇಲ್ಲ ಎಂದು ಮೇಸ್ತ್ರಿ ಹೇಳುತ್ತಾರೆ. ನಮ್ಮ ರಸ್ತೆ 10 ಅಡಿ ಅಗಲ. ಈಗ ಏಪ್ರಿಲ್ ಮೊದಲ ವಾರ, ಮಳೆಗೆ ಎರಡು ತಿಂಗಳೂ ಇಲ್ಲ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಆತಂಕ ಒಂದೇ: ಇಷ್ಟೊಂದು ಕಲ್ಲುಮಣ್ಣು ಎಲ್ಲಿಗೆ ಹೋಗಬೇಕು, ಅದು ಎಲ್ಲಿಗೋ ಹೋಗಿ ತೊಂದರೆಯಾದರೆ ಯಾರ ತಲೆಗೆ ಬರುತ್ತದೆ? ಇದನ್ನು ತೀರ್ಮಾನಿಸಬೇಕಾದ್ದು ಮನೆ ಕೆಡವಿದ ಮೇಲಲ್ಲ, ಮೊದಲ ಹಂಚು ಇಳಿಸುವ ಮೊದಲು. ಬೇರೆ ಬೇರೆಯಾಗಿ ತೆಗೆದರೆ ಹಂಚು, ಮರ, ಕಲ್ಲು, ಮಣ್ಣು ಒಂದೊಂದಕ್ಕೂ ಬೆಲೆಯೋ ಉಪಯೋಗವೋ ಇದೆ. ಜೆಸಿಬಿಯ ಬಕೆಟ್ ಒಮ್ಮೆ ಎಲ್ಲವನ್ನೂ ಕಲಸಿತೆಂದರೆ ಅದೇ ವಸ್ತುವನ್ನು ದುಡ್ಡು ಕೊಟ್ಟು ಎಸೆಯಬೇಕಾಗುತ್ತದೆ.

ಮೊದಲು ಪ್ರಮಾಣ ತಿಳಿಯೋಣ. ನಿಮ್ಮಂಥ ಮನೆಯಲ್ಲಿ ಹೊರಗಿನ, ಒಳಗಿನ ಗೋಡೆಗಳ ಒಟ್ಟು ಉದ್ದ ಸುಮಾರು 235 ಅಡಿ ಎಂದಿಟ್ಟುಕೊಳ್ಳಿ. ಎತ್ತರ ಸರಾಸರಿ 10 ಅಡಿ, ಸಾರಣೆ ಸೇರಿ ದಪ್ಪ ಒಂದಡಿ. ಬಾಗಿಲು ಕಿಟಕಿ ಕಳೆದರೆ 1,950 ಘನ ಅಡಿ. ನಾಲ್ಕು ಇಂಚಿನ ನೆಲ 360 ಘನ ಅಡಿ. ಎರಡೂ ಸೇರಿ 2,310. ಆದರೆ ಕೆಡವಿದ ಗೋಡೆ ನಿಂತ ಗೋಡೆಯಷ್ಟೇ ಜಾಗ ಹಿಡಿಯುವುದಿಲ್ಲ, ಸಂದುಗಳಲ್ಲಿ ಗಾಳಿ ಸೇರಿ ಒಂದಕ್ಕೆ ಒಂದೂಕಾಲಿನಿಂದ ಒಂದೂವರೆ ಪಾಲಿನವರೆಗೆ ಉಬ್ಬುತ್ತದೆ. 1.4ರಿಂದ ಗುಣಿಸಿದರೆ ಸುಮಾರು 3,200 ಘನ ಅಡಿ, ಅಂದರೆ 32 ಯೂನಿಟ್. ಎರಡು ಯೂನಿಟ್ ಹಿಡಿಯುವ ಆರು ಚಕ್ರದ ಟಿಪ್ಪರಿನಲ್ಲಿ 16 ಲೋಡ್. ಪಂಚಾಂಗದ ಕಲ್ಲನ್ನೂ ಕಿತ್ತರೆ ಇನ್ನೂ 20 ಯೂನಿಟ್ ಸೇರುತ್ತದೆ. ಕಂಟ್ರಾಕ್ಟರ್ ಬಳಿ ಮಾತಾಡುವಾಗ ಈ ಲೆಕ್ಕವನ್ನು ನಿಮ್ಮ ಮನೆಯ ಅಳತೆಗೆ ಮಾಡಿಸಿ ಕಾಗದದಲ್ಲಿ ಇಟ್ಟುಕೊಳ್ಳಿ. "ಒಂದಿಷ್ಟು ಲೋಡ್ ಆಗ್ತದೆ" ಎಂಬ ಮಾತಿನಿಂದಲೇ ಆಮೇಲಿನ ಜಗಳ ಶುರುವಾಗುವುದು.

ಈಗ "ಫ್ರೀಯಾಗಿ ತಗೊಂಡು ಹೋಗ್ತಾರೆ" ಎಂಬ ಮಾತು. ಟಿಪ್ಪರಿಗೆ ಡೀಸೆಲ್, ಚಾಲಕನ ಸಂಬಳ, ಲೋಡ್ ಮಾಡುವ ಜೆಸಿಬಿಯ ಗಂಟೆ ಬಾಡಿಗೆ ಯಾವುದೂ ಫ್ರೀ ಅಲ್ಲ. ಒಯ್ಯುವವನಿಗೆ ಆ ಮಣ್ಣನ್ನು ಮಾರುವ ಜಾಗ ಹತ್ತಿರದಲ್ಲೇ ಇರಬೇಕು, ಇಲ್ಲವೇ ಅವನು ಅದನ್ನು ಹತ್ತಿರದ ಯಾವುದಾದರೂ ತಗ್ಗಿಗೆ ಸುರಿಯಬೇಕು. ನಮ್ಮಲ್ಲಿ ತಗ್ಗು ಎಂದರೆ ಬೈಲು, ತೋಡಿನ ಬದಿ, ಹೊಳೆಯ ಕರೆ, ರಸ್ತೆ ತಿರುವಿನ ಗುಡ್ಡೆಯಂಚು. ಬೈಲಿಗೆ ಮಣ್ಣು ಬಿದ್ದರೆ ಅಲ್ಲಿ ಇಂಗುತ್ತಿದ್ದ ನೀರು ಪಕ್ಕದವರ ಅಂಗಳಕ್ಕೆ ಬರುತ್ತದೆ, ತೋಡು ಕಟ್ಟಿದರೆ ಕೊಟ್ಟಾರ ಚೌಕಿಯಂಥ ಕಡೆ ಮೊದಲ ಜೋರು ಮಳೆಗೇ ರಸ್ತೆ ಮುಳುಗುತ್ತದೆ. ಉಬ್ಬರದ ನೀರು ಬರುವ ನೇತ್ರಾವತಿ, ಫಲ್ಗುಣಿ ನದಿಗಳ ದಡ ಕರಾವಳಿ ನಿಯಂತ್ರಣ ವಲಯದೊಳಗೆ ಬರುತ್ತದೆ. 2019ರ ಅಧಿಸೂಚನೆಯ ಪ್ರಕಾರ ಅಲ್ಲಿ ಜಾಗ ತುಂಬಿಸಲು ಕಟ್ಟಡದ ಕಲ್ಲುಮಣ್ಣು ಸುರಿಯುವುದು ನಿಷಿದ್ಧ. ಇಳಿಜಾರಿನಲ್ಲಿ ಬಿಗಿಯಿಲ್ಲದೆ ಪೇರಿಸಿದ ರಾಶಿ ನಮ್ಮ ಮಳೆಗೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳನ್ನು ಮುಚ್ಚಿತು. ಅದು ಊರಿನ ಕಸ, ಇದು ಕಲ್ಲುಮಣ್ಣು, ನಿಜ. ಆದರೆ ನೀರು ಕುಡಿದು ಭಾರವಾಗಿ ಜಾರುವ ಗುಣ ಎರಡಕ್ಕೂ ಇದೆ.

ಹೊಣೆ ಯಾರದು? ಕಲ್ಲುಮಣ್ಣು ಹುಟ್ಟಿದ್ದು ನಿಮ್ಮ ಜಾಗದಲ್ಲಿ, ಪರವಾನಗಿ ನಿಮ್ಮ ಹೆಸರಿನಲ್ಲಿ. ಟಿಪ್ಪರ್ ಗೇಟು ದಾಟಿದ ಮಾತ್ರಕ್ಕೆ ಹೊಣೆ ದಾಟುವುದಿಲ್ಲ. "ಸಣ್ಣ ಮನೆಗೆ ನಿಯಮ ಇಲ್ಲ" ಎಂಬ ಮಾತೂ ಪೂರ್ತಿ ಸರಿಯಲ್ಲ. 2016ರ ಕಟ್ಟಡ ನಿರ್ಮಾಣ ಮತ್ತು ಕೆಡವುವಿಕೆ ತ್ಯಾಜ್ಯ ನಿಯಮಗಳು ದಿನಕ್ಕೆ 20 ಟನ್ ಅಥವಾ ತಿಂಗಳಿಗೆ 300 ಟನ್ ಎಂಬ ಮಿತಿ ಹಾಕಿದವು. ಅದನ್ನು ದಾಟುವವರು ಕಾಂಕ್ರೀಟ್, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ನಾಲ್ಕು ಪಾಲು ಮಾಡಿ, ಕೆಲಸ ಶುರುವಾಗುವ ಮೊದಲೇ ಸ್ಥಳೀಯ ಸಂಸ್ಥೆಗೆ ಯೋಜನೆ ಕೊಟ್ಟು ಒಪ್ಪಿಗೆ ಪಡೆಯಬೇಕಿತ್ತು. ನಿಮ್ಮ ಮನೆ 300 ಟನ್ ಮುಟ್ಟುವುದಿಲ್ಲ. ಆದರೆ ಎರಡು ಯೂನಿಟ್ಟಿನ ಒಂದು ಲೋಡ್ 7ರಿಂದ 8 ಟನ್ ತೂಗುತ್ತದೆ. ಒಂದೇ ದಿನ ಮೂರು ಲೋಡ್ ಹೊರಟರೆ 20 ಟನ್ ದಾಟಿಯಾಯಿತು. ಜೆಸಿಬಿಯಲ್ಲಿ ಎರಡು ದಿನಕ್ಕೆ ಮುಗಿಸುವವರು ಇದನ್ನು ದಾಟದೆ ಇರುವುದೇ ಇಲ್ಲ. ಅವುಗಳ ಬದಲಿಗೆ 2025ರಲ್ಲಿ ಹೊರಬಂದು 2026ರ ಏಪ್ರಿಲ್ 1ರಿಂದ ಜಾರಿಯ ದಿನ ನಿಗದಿಯಾದ ಹೊಸ ನಿಯಮಗಳು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆ ಹೊರಿಸುತ್ತವೆ, ಆ ಲೆಕ್ಕಕ್ಕೆ ನೀವು ಬರುವುದಿಲ್ಲ. ಏನೇ ಇರಲಿ, ಕೆಡವುವ ಮುಂಚೆ ಪಾಲಿಕೆಯ ವಾರ್ಡ್ ಎಂಜಿನಿಯರರಿಗೆ ಲಿಖಿತವಾಗಿ ತಿಳಿಸಿ, ಕಲ್ಲುಮಣ್ಣು ಇಳಿಸಲು ಸದ್ಯ ಒಪ್ಪಿಗೆಯಿರುವ ಜಾಗ ಯಾವುದೆಂದು ಕೇಳಿ ಉತ್ತರ ಬರೆಸಿಕೊಳ್ಳಿ. ಆ ಒಂದು ಹಾಳೆ ನಾಳೆ ದೂರು ಬಂದರೆ ನಿಮ್ಮ ಕೈಯಲ್ಲಿರುವ ಆಧಾರ.

ಕೆಡವುವುದಕ್ಕೆ ಮೂರು ದಾರಿಗಳಿವೆ. ಪೂರ್ತಿ ಜೆಸಿಬಿ: ಬೇಗ ಮುಗಿಯುತ್ತದೆ, ಆದರೆ ಹಂಚು, ಮರ, ಕಲ್ಲು ಎಲ್ಲ ಹಾಳು. ಧೂಳು ಹೆಚ್ಚು, ಪಕ್ಕದ ಮನೆಯ ಗೋಡೆಗೆ ಅದುರಿಕೆ ಹೋಗುತ್ತದೆ. ಪೂರ್ತಿ ಕೈಕೆಲಸ: ಎಲ್ಲವೂ ಉಳಿಯುತ್ತದೆ, ಆದರೆ ಕೂಲಿ ಏರುತ್ತದೆ, ದಿನ ಹಿಡಿಯುತ್ತದೆ, ಮಳೆ ಹತ್ತಿರವಿರುವಾಗ ದಿನವೇ ದೊಡ್ಡ ವೆಚ್ಚ. ಮೂರನೆಯದು, ಮಾಡು ಮತ್ತು ಗೋಡೆಯ ಮೇಲರ್ಧ ಕೈಯಲ್ಲಿ, ಕೆಳಗಿನದ್ದು ಮತ್ತು ನೆಲ ಯಂತ್ರದಲ್ಲಿ. ನಿಮಗೆ ನನ್ನ ಸಲಹೆ ಈ ಮೂರನೆಯದು. ಐದಾರು ಜನರ ತಂಡ ಮಾಡು ಇಳಿಸಲು ಮೂರು-ನಾಲ್ಕು ದಿನ, ಗೋಡೆಗೆ ಒಂದು ವಾರ ತೆಗೆದುಕೊಳ್ಳಬಹುದು.

ಕೆಲಸದ ಕ್ರಮ ತಪ್ಪಬಾರದು. ಮೆಸ್ಕಾಂಗೆ ಹೇಳಿ ಕಂಬದಿಂದಲೇ ಸಂಪರ್ಕ ತೆಗೆಸಿ, ಮೇನ್ ಸ್ವಿಚ್ ಆರಿಸಿದರೆ ಸಾಲದು. ನೀರಿನ ಪೈಪು ಮುಚ್ಚಿಸಿ. ಹಂಚನ್ನು ತುದಿಯಿಂದ ಕೆಳಕ್ಕೆ, ಎರಡೂ ಇಳಿಜಾರಿನಲ್ಲಿ ಸಮವಾಗಿ ಇಳಿಸಬೇಕು. ಒಂದೇ ಕಡೆ ಖಾಲಿ ಮಾಡಿದರೆ ಇನ್ನೊಂದು ಕಡೆಯ ಭಾರ ಪಕ್ಕಾಸುಗಳನ್ನು (ಮಾಡಿನ ಇಳಿಜಾರು ತೊಲೆಗಳನ್ನು) ದೂಡಿ ತೆಳು ಗೋಡೆಯನ್ನು ವಾಲಿಸುತ್ತದೆ. ನಿಮ್ಮ ಮಾಡು ಸುಮಾರು 1,500 ಚದರ ಅಡಿ ಇರಬಹುದು. ಚದರ ಮೀಟರಿಗೆ 15ರಂತೆ 2,100 ಹಂಚು. ಕೈಯಿಂದ ಕೈಗೆ ದಾಟಿಸಿ, ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ. ಮಲಗಿಸಿ ಪೇರಿಸಿದ ಹಂಚಿನ ಅಡಿಯ ಸಾಲು ಭಾರಕ್ಕೆ ಬಿರಿಯುತ್ತದೆ. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮದ ಹಳೆ ಮಾಲಿಗೆ ಇಂದಿಗೂ ಕೊಳ್ಳುವವರಿದ್ದಾರೆ, ಬೆರಳ ಗಂಟಿನಿಂದ ತಟ್ಟಿದಾಗ ಟಣ್ ಎಂದರೆ ಗಟ್ಟಿ, ಬೊಕ್ಕು ಸದ್ದಾದರೆ ಬಿರುಕಿದೆ. ರೀಪು (ಹಂಚು ಕೂರುವ ಮರದ ಪಟ್ಟಿ), ಪಕ್ಕಾಸು, ದಾರಂದಗಳ (ಬಾಗಿಲು ಕಿಟಕಿಯ ಚೌಕಟ್ಟುಗಳ) ಮೊಳೆಯನ್ನು ಅಲ್ಲೇ ಕೀಳಿಸಿ. ಮೊಳೆ ಸಮೇತ ರಾಶಿ ಹಾಕಿದ ಮರದಿಂದ ಕಾಲಿಗೆ ಚುಚ್ಚಿಸಿಕೊಳ್ಳುವುದು ಕೆಡವುವ ಕೆಲಸದಲ್ಲಿ ತೀರಾ ಸಾಮಾನ್ಯ ಗಾಯ. ಹಲಸು, ಸಾಗುವಾನಿಯ ದಾರಂದಗಳನ್ನು ಗುಜರಿಯವನು ಕಟ್ಟಿಗೆಯ ಲೆಕ್ಕದಲ್ಲಿ ಕೇಳುತ್ತಾನೆ, ಮರದ ಕೆಲಸದವರಿಗೆ ಮೊದಲು ತೋರಿಸಿ.

ಆ ಸಿಮೆಂಟ್ ಶೀಟಿನ ವಿಷಯ ಬೇರೆ. ಹಳೆಯ ಶೀಟು ಕಲ್ನಾರಿನದ್ದೇ (ಆಸ್ಬೆಸ್ಟಾಸ್) ಎಂದು ತಿಳಿದು ನಡೆದುಕೊಳ್ಳಿ. ಮುಟ್ಟದೆ ಇರುವಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಒಡೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಕಾಯಿಲೆ ತಲೆಯೆತ್ತುವುದು ದಶಕಗಳ ಮೇಲೆ, ಆದ್ದರಿಂದಲೇ ಯಾರೂ ಹೆದರುವುದಿಲ್ಲ. ಮನೆಗಿಂತ ಮೊದಲು ಈ ಕೊಟ್ಟಿಗೆ ಮುಗಿಸಿ. ಶೀಟಿಗೆ ಎರಡೂ ಕಡೆ ನೀರು ಸಿಂಪಡಿಸಿ, ಪಾತ್ರೆ ತೊಳೆಯುವ ಸೋಪು ಸ್ವಲ್ಪ ಬೆರೆಸಿದರೆ ನೀರು ಚೆನ್ನಾಗಿ ಹಿಡಿಯುತ್ತದೆ. ಕೊಕ್ಕೆ ಬೋಲ್ಟು ತುಕ್ಕು ಹಿಡಿದಿದ್ದರೆ ಬೋಲ್ಟನ್ನು ಕತ್ತರಿಸಿ, ಶೀಟನ್ನು ಒಡೆಯಬೇಡಿ. ಶೀಟಿನ ಮೇಲೆ ಕಾಲಿಡಲೇಬಾರದು, ಹಳೆ ಶೀಟು ಆಳಿನ ಭಾರ ತಾಳುವುದಿಲ್ಲ. ಕೆಲಸದವರಿಗೆ ಕರವಸ್ತ್ರವಾಗಲಿ ಎನ್95 ಆಗಲಿ ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಪಿ100 ಅಥವಾ ಎಫ್‌ಎಫ್‌ಪಿ3 ಮಟ್ಟದ ಮಾಸ್ಕ್ ಕೊಡಿ. ಇಡಿಯಾಗಿ ಇಳಿಸಿ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪು ಹಾಕಿ, ಮೇಲೆ ಏನೆಂದು ಬರೆದು ಬದಿಗಿಡಿ. ಬಿದ್ದ ಚೂರನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅದನ್ನೂ ಕಟ್ಟಿಗೆ ಸೇರಿಸಿ. ಬಿಸಾಡಿದ ಕಲ್ನಾರು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ. ಎಲ್ಲಿಗೆ ಕಳಿಸಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ. ಅಲ್ಲಿಯವರೆಗೆ ಕಟ್ಟಿದ್ದು ಕಟ್ಟಿದಂತೆಯೇ ಇರಲಿ. ಪಂಚಾಂಗಕ್ಕೆ ಪುಡಿ ಮಾಡಿ ತುಂಬುವುದು, "ದನದ ಕೊಟ್ಟಿಗೆಗೆ ಆಗ್ತದೆ" ಎಂದು ಕೇಳಿದವರಿಗೆ ಕೊಡುವುದು ಎರಡೂ ಬೇಡ.

ಕೆಂಪುಕಲ್ಲಿನ ಗೋಡೆಯಲ್ಲಿ ಎಷ್ಟು ಕಲ್ಲು ಇಡಿಯಾಗಿ ಸಿಗುತ್ತದೆ ಎಂಬುದು ನಡುವಿನ ಗಾರೆಯ ಮೇಲಿದೆ. ಮಣ್ಣು ಅಥವಾ ಸುಣ್ಣದಲ್ಲಿ ಕಟ್ಟಿದ್ದರೆ ಹಾರೆಯ ಮೊನೆಗೆ ಬಿಟ್ಟುಕೊಡುತ್ತದೆ, ಸಿಮೆಂಟಿನಲ್ಲಿ ಕಟ್ಟಿದ್ದರೆ ಗಾರೆಗಿಂತ ಮೊದಲು ಕಲ್ಲೇ ಒಡೆಯುತ್ತದೆ. ಒಂದು ಮೂಲೆಯಲ್ಲಿ ಸಾರಣೆ ಕೆರೆದು ನೋಡಿದರೆ ಗೊತ್ತಾಗುತ್ತದೆ. ನಿಮ್ಮದು ಸುಣ್ಣದ ಕಟ್ಟಾಗಿದ್ದರೆ ಅರ್ಧದಷ್ಟು, ಅಂದರೆ 1,200ರ ಆಸುಪಾಸು ಕಲ್ಲು ಇಡಿಯಾಗಿ ಸಿಗಬೇಕು. ಬಿಳಿ ಜೇಡಿಯ ಗೂಡು ಇರುವುದನ್ನು, ಅಂಚು ಉದುರುವುದನ್ನು ಬಿಟ್ಟು ಉಳಿದದ್ದು ಪಾಗಾರಕ್ಕೆ, ಅಂಗಳದ ಕಟ್ಟೆಗೆ ಧಾರಾಳವಾಗಿ ಆಗುತ್ತದೆ. ಎರಡು ಅಂತಸ್ತಿನ ಭಾರ ಹೊರುವ ಗೋಡೆಗೆ ಹಳೆ ಕಲ್ಲು ಬಳಸಬೇಡಿ. ಹತ್ತಾರು ಮಳೆಗಾಲ ಕಂಡ ಕಲ್ಲಿನ ಶಕ್ತಿ ಒಂದೊಂದರಲ್ಲಿ ಒಂದೊಂದು ರೀತಿ. ಹೀಗೆ ಕಲ್ಲು ಬೇರೆಯಾದರೆ 32 ಯೂನಿಟ್ಟಿನಲ್ಲಿ 10 ಕಳೆಯಿತು.

ಉಳಿದ 22 ಯೂನಿಟ್ ನಿಮ್ಮ ಮೇಸ್ತ್ರಿ ಮತ್ತು ಪಕ್ಕದ ಮನೆಯವರ ವಾದಕ್ಕೆ ಸೇರಿದ್ದು. ಇಬ್ಬರೂ ಅರ್ಧ ಸರಿ. ಗೆದ್ದಲು ಬರುವುದು ಸುಣ್ಣದಿಂದಲ್ಲ, ಮಣ್ಣಿನ ಜೊತೆ ಹೋಗುವ ರೀಪಿನ ತುಂಡು, ಬೇರು, ಗರಿ, ಹಳೆ ಕಾಗದದಿಂದ. ಒಂದು ಬುಟ್ಟಿ ಮರದ ಚೂರು ನೆಲದಡಿ ಉಳಿದರೂ ಗೆದ್ದಲಿಗೆ ಅಲ್ಲೇ ಊಟ. ಇನ್ನು ಕೆಂಪುಕಲ್ಲಿನ ಚೂರು ಒಳ್ಳೆಯ ಫಿಲ್ಲಿಂಗೇ, ಆದರೆ ಬಂದ ಹಾಗೆ ಸುರಿದರೆ ಅಲ್ಲ. ತಲೆಗಾತ್ರದ ಕಲ್ಲುಗಳ ನಡುವೆ ಪೊಳ್ಳು ಉಳಿದು, ಎರಡು ಮಳೆಗಾಲದಲ್ಲಿ ಮಣ್ಣು ಅದರೊಳಗೆ ಇಳಿಯುತ್ತದೆ. ಮೇಲಿನ ನೆಲ ತಗ್ಗಿ ಟೈಲ್ಸ್ ಬೊಕ್ಕಾಗುತ್ತದೆ, ಗೋಡೆಯ ಬುಡದಲ್ಲಿ ಗೆರೆ ಬೀಳುತ್ತದೆ. ಆಗ ಎಲ್ಲರೂ ಟೈಲ್ಸ್ ಹಾಕಿದವನನ್ನು ಬೈಯುವುದು. ಆದ್ದರಿಂದ ಎರಡು ಇಂಚಿಗಿಂತ ದೊಡ್ಡದನ್ನು ಸುತ್ತಿಗೆಯಲ್ಲಿ ಒಡೆಸಿ, ಮೂರರಲ್ಲಿ ಒಂದು ಪಾಲು ಕೆಂಪು ಮಣ್ಣು ಬೆರೆಸಿ. 6ರಿಂದ 8 ಇಂಚಿನ ಪದರ ಹರಡಿ, ಒದ್ದೆಯಾಗುವಷ್ಟು ನೀರು ಹಾಕಿ, ಪ್ಲೇಟ್ ಕಂಪ್ಯಾಕ್ಟರಿನಲ್ಲಿ ಬಿಗಿ ಮಾಡಿಯೇ ಮುಂದಿನ ಪದರ. ಕೆಸರಾಗುವಷ್ಟು ನೀರು ಬಿಟ್ಟರೂ ಬಿಗಿಯಾಗದು. ಗೋಡೆಯ ಬುಡದ ಎರಡು-ಮೂರು ಅಡಿ ಎತ್ತರದ ಸಾರಣೆ ಹಲವು ಮನೆಗಳಲ್ಲಿ ಉಪ್ಪು ಹಿಡಿದು ಬಿಳಿ ಹೂ ಬಿಟ್ಟಿರುತ್ತದೆ, ಬಚ್ಚಲಿನ ಗೋಡೆಯಂತೂ ಸರಿಯೇ. ಅದನ್ನು ಫಿಲ್ಲಿಂಗಿಗೆ ಸೇರಿಸಿದರೆ ಹೊಸ ಗೋಡೆಯ ಬಣ್ಣ ಏಳುತ್ತದೆ. ಅದು ಹೊರಗೆ ಹೋಗಲಿ. ಗೆದ್ದಲಿನ ಔಷಧಿಯನ್ನು ಪದರಗಳ ನಡುವೆ ಅಲ್ಲ, ಪೂರ್ತಿ ಬಿಗಿಯಾದ ಮೇಲ್ಮೈಗೆ, ಕಾಂಕ್ರೀಟ್ ಹಾಕುವ ಮೊದಲು ಕೊಡಿಸಿ.

ಹೊಸ ಮನೆಯ ಒಳಗಿನ ವಿಸ್ತೀರ್ಣ 950 ಚದರ ಅಡಿ, ಫಿಲ್ಲಿಂಗ್ ಒಂದೂವರೆ ಅಡಿ ಎಂದರೆ ಬಿಗಿಯಾದ ಲೆಕ್ಕದಲ್ಲಿ 1,425 ಘನ ಅಡಿ ಬೇಕು. ನಿಮ್ಮ 22 ಯೂನಿಟ್ಟಿನಲ್ಲಿ ಉಪ್ಪು ಹಿಡಿದದ್ದು, ಆಗದ್ದು ಸುಮಾರು 8 ಯೂನಿಟ್ ಕಳೆದರೆ ಉಳಿಯುವ 14 ಯೂನಿಟ್ ಬಿಗಿಯಾದಾಗ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮನೆಯಲ್ಲೇ ಸಿಕ್ಕಿತು, ಉಳಿದ ಒಂದು ಪಾಲಿಗೆ ಮಾತ್ರ ಕೆಂಪು ಮಣ್ಣು. ಈಗ ದುಡ್ಡು ಕೊಟ್ಟು ಹೊರಗೆ ಕಳಿಸಿದ್ದನ್ನು ಅಕ್ಟೋಬರಿನಲ್ಲಿ ದುಡ್ಡು ಕೊಟ್ಟು ಒಳಗೆ ತರಿಸುವುದು ತಪ್ಪುತ್ತದೆ. ಹೊರಗೆ ಹೋಗಬೇಕಾದದ್ದು 8 ಯೂನಿಟ್, 4 ಲೋಡ್. ಲಿಂಟಲ್, ನೀರಿನ ಟ್ಯಾಂಕಿನಂಥ ಕಾಂಕ್ರೀಟ್ ಇದ್ದರೆ ಕಬ್ಬಿಣ ಬಿಡಿಸಿ ಗುಜರಿಗೆ ಕೊಡಿ, ಒಡೆದ ಜಲ್ಲಿ ಅಂಗಳದ ಅಡಿಪದರಕ್ಕೆ ಸಾಕು. ಮರುಬಳಕೆ ಜಲ್ಲಿಗೆ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿಯಲ್ಲಿ ಅವಕಾಶವಿದೆಯಾದರೂ ಅದು ಪರೀಕ್ಷೆಯಾಗಿ ಬರುವ ಜಲ್ಲಿಗೆ. ಸುತ್ತಿಗೆಯಲ್ಲಿ ಒಡೆದದ್ದನ್ನು ಸ್ಲ್ಯಾಬಿಗೆ ಹಾಕಲು ಯಾರಿಗೂ ಬಿಡಬೇಡಿ.

ಉಳಿದ 8 ಯೂನಿಟ್ ನೋಡಿಯೇ ಕಂಟ್ರಾಕ್ಟರಿಗೆ ಬಾವಿ ನೆನಪಾಗಿರುವುದು. 6 ಅಡಿ ಅಗಲ, 30 ಅಡಿ ಆಳದ ಬಾವಿ ಹೆಚ್ಚುಕಡಿಮೆ ಅಷ್ಟನ್ನೇ ಹಿಡಿಯುತ್ತದೆ. ಬೇಡ. ಕೆಂಪುಕಲ್ಲಿನ ನೆಲದಲ್ಲಿ ನೀರು ಕಲ್ಲಿನ ತೂತುಗಳ ದಾರಿಯಲ್ಲಿ ಹರಿಯುತ್ತದೆ. ನಿಮ್ಮ ಬಾವಿಗೆ ಬಿದ್ದ ಬಣ್ಣದ ಸಾರಣೆ, ಪ್ಲಾಸ್ಟಿಕ್, ಬಚ್ಚಲಿನ ಮಣ್ಣಿನ ಸಾರ ಪಕ್ಕದವರ ಬಾವಿಯಲ್ಲಿ ಏಳುತ್ತದೆ. ಮೇಲಾಗಿ 30 ಅಡಿ ಆಳಕ್ಕೆ ಸುರಿದದ್ದನ್ನು ಬಿಗಿ ಮಾಡಲು ಸಾಧ್ಯವೇ ಇಲ್ಲ, ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಹೊಸ ಮನೆಯ ನಕ್ಷೆಗೆ ಅಡ್ಡ ಬರದಿದ್ದರೆ ಬಾವಿಯನ್ನು ಉಳಿಸಿ, ಕೆಡವುವಾಗ ಹಲಗೆ ಮತ್ತು ಟಾರ್ಪಾಲು ಮುಚ್ಚಿ. ಮುಂದೆ ಮಾಡಿನ ಮಳೆನೀರನ್ನು ಸೋಸಿ ಅದಕ್ಕೇ ಬಿಡಬಹುದು. ನಕ್ಷೆಗೆ ಅಡ್ಡ ಬಂದರೆ ಅದು ಸ್ಟ್ರಕ್ಚರಲ್ ಎಂಜಿನಿಯರ್ ತೀರ್ಮಾನಿಸಬೇಕಾದ ವಿಷಯ. ಶುದ್ಧ ಕಲ್ಲು, ಹೊಯಿಗೆಯಲ್ಲಿ ತುಂಬಿಸಿ, ಮೇಲೆ ಭಾರ ಬೀಳದಂತೆ ಬೀಮ್ ದಾಟಿಸುವ ದಾರಿಗಳಿವೆ.

ಫಿಲ್ಲಿಂಗಿಗೆ ಇಟ್ಟ ರಾಶಿಯ ಬಗ್ಗೆ ಒಂದು ಎಚ್ಚರಿಕೆ. ಪಾಗಾರಕ್ಕೆ ಒರಗಿಸಿ ಹಾಕಬೇಡಿ. ಪಾಗಾರವನ್ನು ಕಟ್ಟಿದ್ದು ಗಡಿಗೆ, ಮಣ್ಣು ತಡೆಯಲಿಕ್ಕಲ್ಲ. ಜೂನಿನಲ್ಲಿ ರಾಶಿ ನೀರು ಕುಡಿದು ದೂಡಿದರೆ ಗೋಡೆ ಪಕ್ಕದವರ ಅಂಗಳಕ್ಕೆ ಮಲಗುತ್ತದೆ, ಅಲ್ಲಿ ಮಕ್ಕಳಿರಬಹುದು. ಪಾಗಾರದಿಂದಲೂ ಅಗೆದ ಗುಂಡಿಯ ಅಂಚಿನಿಂದಲೂ ಕನಿಷ್ಠ 5 ಅಡಿ ಬಿಡಿ, ಎತ್ತರ 4 ಅಡಿ ಮೀರದಿರಲಿ. 10 ಸೆಂಟ್ಸಿನಲ್ಲಿ 14 ಯೂನಿಟ್ಟಿಗೆ ಜಾಗ ಧಾರಾಳ. ಸುತ್ತ ಒಂದು ಸಣ್ಣ ಕಣಿ ತೆಗೆದು, ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿ. ಕಣಿಯ ನೀರು ರಸ್ತೆಯ ಚರಂಡಿಗೆ ಸೇರುವಲ್ಲಿ ಹೊಯಿಗೆ ಚೀಲ ಅಡ್ಡ ಇಡಿ, ವಾರಕ್ಕೊಮ್ಮೆ ಕೂತ ಕೆಸರು ತೆಗೆಸಿ.

10 ಅಡಿಯ ರಸ್ತೆಗೆ ಆರು ಚಕ್ರದ ಟಿಪ್ಪರ್ ನೇರ ದಾರಿಯಲ್ಲಿ ಹಿಡಿಯಬಹುದು, ತಿರುವಿನಲ್ಲಿ ಹಿಡಿಯದು. 70-80 ಘನ ಅಡಿಯ ಸಣ್ಣ ಟಿಪ್ಪರ್ ಹೇಳಿ, 4 ಲೋಡಿನ ಬದಲು 10-11 ಟ್ರಿಪ್ ಆಗಲಿ. ಮುರಿದ ಚರಂಡಿ ಚಪ್ಪಡಿ, ಒಡೆದ ನೀರಿನ ಪೈಪಿನ ಖರ್ಚಿಗಿಂತ ಅದು ಕಡಿಮೆ. ಮೊದಲ ದಿನವೇ ರಸ್ತೆಯ ಚಪ್ಪಡಿಗಳ, ಪಕ್ಕದ ಮನೆಗಳ ಗೋಡೆಗಳ ಫೋಟೋ ತೆಗೆದಿಡಿ, ಸಾಧ್ಯವಾದರೆ ಅವರನ್ನೂ ಜೊತೆಗೆ ನಿಲ್ಲಿಸಿಕೊಂಡು. ಆಗಲೇ ಇದ್ದ ಬಿರುಕು ಯಾವುದು, ಹೊಸತು ಯಾವುದು ಎಂಬ ಮಾತು ಬರುವುದಿಲ್ಲ.

ಒಪ್ಪಂದದಲ್ಲಿ ಹಂಚು, ಮರ, ಕಲ್ಲು, ಕಬ್ಬಿಣ ಯಾರಿಗೆ ಸೇರಿದ್ದು ಎಂದು ಬರೆಸಿ. ಸಾಮಾನು ಅವರಿಗೆ ಬಿಟ್ಟರೆ ಕೆಡವುವ ದರ ಅಷ್ಟು ಇಳಿಯಬೇಕು. ಹೊರಗೆ ಹೋಗುವ ಪ್ರತಿ ಲೋಡಿಗೂ ಒಂದು ಚೀಟಿ: ಗಾಡಿ ನಂಬರ್, ಸಮಯ, ಇಳಿಸಿದ ಜಾಗ, ಅಲ್ಲಿಯವರ ಸಹಿ, ಇಳಿಸಿದ ಫೋಟೋ. ಖಾಸಗಿ ಜಾಗಕ್ಕಾದರೆ ಅದರ ಆರ್‌ಟಿಸಿ ನೋಡಿ, ಕೃಷಿ ಜಮೀನಾಗಿದ್ದರೆ ಪರಿವರ್ತನೆಯ ಆದೇಶ ಕೇಳಿ. ಚೀಟಿ ಬಂದ ಮೇಲೆಯೇ ಆ ಲೋಡಿನ ಹಣ. ಗಾಡಿಗೆ ಟಾರ್ಪಾಲು ಹೊದಿಸದೆ ಗೇಟು ದಾಟಿಸಬೇಡಿ.

ಇನ್ನು ಸಮಯ. ಮೇ ತಿಂಗಳಲ್ಲೇ ಸಂಜೆಯ ಗುಡುಗು ಮಳೆ ಶುರುವಾಗುತ್ತದೆ. ಮಾಡು ಇಳಿಸಿದ ಮೇಲೆ ಸುಣ್ಣದ ಗಾರೆಯ ಗೋಡೆ ನೆನೆದರೆ ಹೇಳದೆ ಕೇಳದೆ ಬೀಳುತ್ತದೆ. ಪರವಾನಗಿ, ತಂಡ, ಇಳಿಸುವ ಜಾಗ ಮೂರೂ ಏಪ್ರಿಲ್ 20ರೊಳಗೆ ಕೈಗೆ ಬಂದರೆ ಶುರು ಮಾಡಿ ಮೇ 10ಕ್ಕೆ ಗೋಡೆ ನೆಲಕ್ಕಿಳಿಸಿ. ಪಂಚಾಂಗದ ಕಲ್ಲನ್ನು ಮಾತ್ರ ಈಗ ಕೀಳಬೇಡಿ, ಅದು ಮಳೆಗಾಲದಲ್ಲಿ ಮಣ್ಣು ಹಿಡಿದಿಟ್ಟಿರುತ್ತದೆ. ಹೊಸ ಮನೆಯ ಗುರುತು ಹಾಕಿದ ಮೇಲೆ ಅಡ್ಡ ಬಂದಷ್ಟನ್ನು ತೆಗೆದರಾಯಿತು. ಮೂರರಲ್ಲಿ ಒಂದು ತಡವಾದರೂ ಹಂಚಿಗೆ ಕೈಹಾಕದೆ ನವೆಂಬರಿನವರೆಗೆ ಮಾಡು ಹಾಗೆಯೇ ಇರಲಿ. ಅಲ್ಲಿಯವರೆಗೆ ಕೊಟ್ಟಿಗೆಯ ಶೀಟಿನ ವಿಲೇವಾರಿ, ವಾರ್ಡ್ ಕಚೇರಿಯ ಪತ್ರ, ಹಂಚು-ಮರಕ್ಕೆ ಗಿರಾಕಿ ಹುಡುಕುವ ಕೆಲಸ ಮುಗಿಸಿಕೊಳ್ಳಬಹುದು.